ಕಾಡ್ಗಿಚ್ಚಿನ ಬೀಡಿನಲ್ಲಿ ಸಣ್ಣ ಎಂಜಿನ್ನುಗಳ ದುರಸ್ತಿ ತಂಡ: ಮುಖಂಡತ್ವದ ಒಂದು ಪಾಠ

(ಸದಸ್ಯ ಶಿಕ್ಷಣ ಪಾಠಮಾಲೆ)

ನಮ್ಮ ಸದಸ್ಯರಲ್ಲಿ ಬಹುಮಂದಿಯ ಕೊಟ್ಟಿಗೆಯಲ್ಲಿ ಇಂದು ಎರಡು ಮೂರು ಸಣ್ಣ ಎಂಜಿನ್ನುಗಳಾದರೂ ಇವೆ. ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ, ನೆರಳು ಮರದ ಕೊಂಬೆ ಇಳಿಸುವ ಚೈನ್ ಗರಗಸ, ಹೂಮಳೆ ಕೈಕೊಟ್ಟಾಗ ಹೊಳೆಯಿಂದ ನೀರೆತ್ತುವ ಪಂಪು ಮುಂತಾದುವು. ಇವು ಕೆಟ್ಟರೆ ನಮಗೆ ಒಂದು ದಿನದ ಆಳಿನ ಕೂಲಿ ನಷ್ಟವಾಗಬಹುದು, ಅಥವಾ ಕೊಳೆಮದ್ದಿನ ಹದ ತಪ್ಪಬಹುದು. ಇದೇ ಜಾತಿಯ ಎಂಜಿನ್ನು ಬೆಂಕಿಯ ಮುಂದೆ ನಿಂತವನ ಕೈಯಲ್ಲಿ ಕೆಟ್ಟರೆ ಮಾತು ಬೇರೆ. ಅಂಥ ಎಂಜಿನ್ನುಗಳನ್ನು ಓಡುವ ಸ್ಥಿತಿಯಲ್ಲಿಡುವುದಕ್ಕೆಂದೇ ಅಮೆರಿಕದ ಕಾಡ್ಗಿಚ್ಚಿನ ಬೀಡುಗಳಲ್ಲಿ ಪ್ರತ್ಯೇಕ ದುರಸ್ತಿ ತಂಡಗಳಿರುತ್ತವೆ. ಆ ತಂಡದ ಕೆಲಸವೇನು, ಅದರ ಮುಖಂಡನಾದವನು ಯಾವುದನ್ನು ಮುಖ್ಯವಾಗಿ ಗಮನಿಸಬೇಕು ಎಂಬುದು ಈ ಪಾಠದ ವಿಷಯ. ಕೊನೆಯಲ್ಲಿ ಅದನ್ನು ನಮ್ಮ ಸಂಘಕ್ಕೆ ಅನ್ವಯಿಸಿ ನೋಡಲಾಗಿದೆ.

1. ಬೆಂಕಿಯ ಬೀಡು

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬೇಸಗೆ ಒಣಗಾಲ. ಜುಲೈಯಿಂದ ಸೆಪ್ಟೆಂಬರಿನವರೆಗೆ ಕಾಡು ಒಣಗಿ ನಿಂತಿರುತ್ತದೆ. 1910ರ ಆಗಸ್ಟಿನಲ್ಲಿ ಐಡಹೊ ಮತ್ತು ಮಾಂಟಾನಾ ರಾಜ್ಯಗಳ ಕಡೆ ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟು, 80ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ಆಗ ಅವರ ಕೈಯಲ್ಲಿದ್ದುದು ಕೊಡಲಿ, ಗುದ್ದಲಿ, ಅಡ್ಡಗರಗಸಗಳು ಮಾತ್ರ. 1988ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಬೆಂಕಿ ಬಿದ್ದಾಗ ಉದ್ಯಾನದೊಳಗೇ ಸುಮಾರು 7.94 ಲಕ್ಷ ಎಕರೆ ಸುಟ್ಟಿತು. ಇಡೀ ಹಂಗಾಮಿನಲ್ಲಿ ಸುಮಾರು 25,000 ಮಂದಿ, ಒಂದು ಹಂತದಲ್ಲಿ ಏಕಕಾಲಕ್ಕೆ 9,000 ಮಂದಿ ಅಲ್ಲಿ ದುಡಿದರು. ಸೆಪ್ಟೆಂಬರ್ 11ರಂದು ಬಿದ್ದ ಹಿಮವೇ ಕೊನೆಗೆ ಆ ಬೆಂಕಿಯ ಸೊಕ್ಕು ಮುರಿಯಿತು.

ಇಷ್ಟು ಜನ ಒಂದೆಡೆ ಸೇರಿದರೆ ಅಡಿಗೆ, ನಿದ್ರೆ, ಔಷಧ, ಉಗ್ರಾಣ ಎಲ್ಲವೂ ಬೇಕು. ಕ್ಯಾಲಿಫೋರ್ನಿಯದಲ್ಲಿ 1970ರ ಬೆಂಕಿಗಳು 13 ದಿನಗಳಲ್ಲಿ 16 ಮಂದಿಯನ್ನು ಬಲಿ ತೆಗೆದುಕೊಂಡು ಸುಮಾರು 700 ಕಟ್ಟಡಗಳನ್ನು ಸುಟ್ಟವು. ಬೇರೆ ಬೇರೆ ಇಲಾಖೆಗಳವರು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಕೆಲಸ ಮಾಡಿದ್ದು ಆಗ ಎದ್ದು ಕಂಡಿತು. ಅದರ ಫಲವಾಗಿ ಒಂದು ಹೊಸ ಆಡಳಿತ ಕ್ರಮ ರೂಪುಗೊಂಡಿತು. ಇದರಂತೆ ಬೀಡಿನ ಒಟ್ಟು ಹೊಣೆ ಒಬ್ಬನದು. ಅವನ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು ಎಂದು ನಾಲ್ಕು ವಿಭಾಗಗಳು. ಒಬ್ಬ ಮೇಲಿನವನ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಉತ್ತಮ ಎಂಬುದು ನಿಯಮ. ಸಣ್ಣ ಎಂಜಿನ್ನುಗಳ ದುರಸ್ತಿ ಸರಬರಾಜು ವಿಭಾಗದ ಆಶ್ರಯದಲ್ಲಿ ನಡೆಯುತ್ತದೆ. ಒಂದು ಡೇರೆ, ಒಂದೆರಡು ಮೇಜು, ಬಿಡಿಭಾಗಗಳ ಪೆಟ್ಟಿಗೆಗಳು, ಕೆಲವರು ಮೆಕ್ಯಾನಿಕ್ಕುಗಳು, ಅವರಿಗೊಬ್ಬ ಮುಖಂಡ. ನೋಡಲು ನಮ್ಮ ಪೇಟೆಯ ಸ್ಪ್ರೇಯರ್ ರಿಪೇರಿ ಅಂಗಡಿಗಿಂತ ದೊಡ್ಡದೇನಲ್ಲ.

2. ಒಂದು ಗರಗಸ ನಿಂತರೆ ಇಪ್ಪತ್ತು ಜನ ನಿಲ್ಲುತ್ತಾರೆ

ಕಾಡ್ಗಿಚ್ಚನ್ನು ತಡೆಯುವ ಮುಖ್ಯ ಉಪಾಯ ನೀರಲ್ಲ, ಬೆಂಕಿರೇಖೆ. ಬೆಂಕಿಯ ಹಾದಿಯಲ್ಲಿ ಸುಡುವಂಥದ್ದನ್ನೆಲ್ಲ ತೆಗೆದು ಬರಿ ಮಣ್ಣು ಕಾಣಿಸುವುದು. ಅಲ್ಲಿಯ ಒಂದು ಕೈಗೆಲಸದ ತಂಡದಲ್ಲಿ ಸುಮಾರು 20 ಮಂದಿ. ಮುಂದೆ ಗರಗಸದವರು ಮರ, ಪೊದೆ ಕಡಿದು ದಾರಿ ಬಿಡಿಸುತ್ತಾರೆ. ಪ್ರತಿ ಗರಗಸದವನ ಜೊತೆ, ಕಡಿದುದನ್ನು ಎಳೆದು ಹಾಕುವವನೊಬ್ಬ. ಉಳಿದವರು ಹಿಂದಿನಿಂದ ಕೊಡಲಿ-ಗುದ್ದಲಿಗಳಿಂದ ನೆಲ ಕೆತ್ತುತ್ತಾ ಬರುತ್ತಾರೆ. ಮುಂದಿನ ಗರಗಸ ನಿಂತರೆ ಹಿಂದಿನವರಿಗೆ ಕೆತ್ತಲು ನೆಲವೇ ಸಿಗುವುದಿಲ್ಲ. ಬೆಂಕಿಯಾದರೋ ಯಾರಿಗೂ ಕಾಯುವುದಿಲ್ಲ.

ನೀರು ಸಿಗುವ ಕಡೆ ಹೊತ್ತೊಯ್ಯುವ ಪಂಪುಗಳನ್ನು ಹೂಡುತ್ತಾರೆ. ಕೆನಡಾದ ಮಾರ್ಕ್-3 ಎಂಬ ಪಂಪು ಇವುಗಳಲ್ಲಿ ಹೆಸರುವಾಸಿ. ಸುಮಾರು 26 ಕಿಲೋ ತೂಕದ ಒಂಟಿ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನು. ಒಬ್ಬನೇ ಬೆನ್ನಿಗೆ ಹೊತ್ತು ಹೊಳೆಯ ದಂಡೆಗೆ ಇಳಿಸಬಹುದು. ಅದು ತಳ್ಳುವ ನೀರಿನ ಹೋಸುಪೈಪು ಗುಡ್ಡ ಹತ್ತಿ ಮೇಲೆ ಹೋಗುತ್ತದೆ. ತುದಿಯಲ್ಲಿ ನಾಜಲ್ ಹಿಡಿದವನಿಗೆ ಕೆಳಗಿನ ಪಂಪು ಕಾಣುವುದಿಲ್ಲ. ನೀರು ನಿಂತಾಗಲೇ ಅವನಿಗೆ ತಿಳಿಯುವುದು.

3. ಏನು ಕೆಡುತ್ತದೆ, ಏಕೆ ಕೆಡುತ್ತದೆ

ಇಲ್ಲಿ ನಮಗೆ ಹೊಸತೇನೂ ಇಲ್ಲ ಎಂಬುದೇ ಗಮನಿಸತಕ್ಕ ಅಂಶ. ಬೂದಿ ಧೂಳಿನಿಂದ ಏರ್ ಫಿಲ್ಟರು ಕಟ್ಟಿಕೊಳ್ಳುತ್ತದೆ. ಸ್ಟಾರ್ಟರ್ ಹಗ್ಗ ಹರಿಯುತ್ತದೆ. ಪ್ಲಗ್ಗು ಮಸಿ ಹಿಡಿಯುತ್ತದೆ. ಗರಗಸದ ಸರಪಣಿ ಮಣ್ಣಿಗೆ ತಾಗಿ ಮೊಂಡಾಗುತ್ತದೆ. ಹರಿತವಾದ ಸರಪಣಿ ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಮೊಂಡು ಸರಪಣಿಯನ್ನು ಒತ್ತಿ ಒತ್ತಿ ಓಡಿಸಿದವನು ಎಂಜಿನ್ನನ್ನೂ ಕಾಯಿಸಿ ಕೆಡಿಸುತ್ತಾನೆ. ಪಂಪು ನೀರು ಬಿಟ್ಟು ಒಣದಾಗಿ ಓಡಿದರೆ ಸೀಲುಗಳು ಸುಡುತ್ತವೆ. ಮಾರ್ಕ್-3 ಪಂಪಿನಲ್ಲಿ ಇದಕ್ಕೆಂದೇ ಒಂದು ತಡೆ ಸ್ವಿಚ್ಚುಂಟು. ನೀರು ತಪ್ಪಿ ಎಂಜಿನ್ನು ಮಿತಿಮೀರಿ ಓಡಿದೊಡನೆ ಅದು ತಾನಾಗಿ ಆರಿಸುತ್ತದೆ. ಆ ಸ್ವಿಚ್ಚನ್ನು ಮರಳಿ ಕೂರಿಸದೆ ಹಗ್ಗ ಎಳೆದೂ ಎಳೆದೂ ಸೋತು, ‘ಪಂಪು ಸತ್ತಿತು’ ಎಂದು ಬೀಡಿಗೆ ಹೊತ್ತು ತರುವವರೂ ಇರುತ್ತಾರೆ.

ಎತ್ತರವೂ ಒಂದು ಕಾರಣ. ತಗ್ಗಿನಲ್ಲಿ ಹೊಂದಿಸಿದ ಕಾರ್ಬುರೇಟರು ಬೆಟ್ಟದ ತೆಳುಗಾಳಿಯಲ್ಲಿ ಹೆಚ್ಚು ಪೆಟ್ರೋಲು ಕುಡಿದು ಹೊಗೆ ಬಿಡುತ್ತದೆ. ಬೆಟ್ಟದಲ್ಲಿ ಹೊಂದಿಸಿದ್ದನ್ನು ತಗ್ಗಿಗೆ ಒಯ್ದರೆ ಪೆಟ್ರೋಲು ಸಾಲದೆ ಪಿಸ್ಟನ್ನು ಕಾಯುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಇತ್ತೀಚಿನ ಕೆಲವು ಗರಗಸಗಳು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಹಳೆಯವು ಇಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ತಪ್ಪು ಇಂಧನ. ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದರ ಜೀವ. ಇಂದಿನ ಗರಗಸಗಳಿಗೆ ಸಾಮಾನ್ಯವಾಗಿ 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಅಂದರೆ 5 ಲೀಟರಿಗೆ 100 ಮಿಲಿಲೀಟರು. ಮಾರ್ಕ್-3 ಪಂಪಿಗೆ ಬಹುಕಾಲ ಹೇಳಿಕೊಂಡು ಬಂದದ್ದು 24 ಪಾಲಿಗೆ 1 ಪಾಲು, ಅಂದರೆ 5 ಲೀಟರಿಗೆ ಸುಮಾರು 210 ಮಿಲಿಲೀಟರು. ಪಂಪಿನ ಬೆರಕೆಯನ್ನು ಗರಗಸಕ್ಕೆ ಹಾಕಿದರೆ ಮಸಿ ಕಟ್ಟುತ್ತದೆ. ಗರಗಸದ್ದನ್ನು ಗಂಟೆಗಟ್ಟಲೆ ಪೂರ್ಣ ವೇಗದಲ್ಲಿ ಓಡುವ ಪಂಪಿಗೆ ಹಾಕಿದರೆ ಎಣ್ಣೆ ಸಾಲದೆ ಬಿಗಿಯುತ್ತದೆ. ಎಣ್ಣೆಯೇ ಇಲ್ಲದ ಬರಿ ಪೆಟ್ರೋಲು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ನು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಈ ಮೂರು ಡಬ್ಬಿಗಳು ಒಂದೇ ಬಣ್ಣದ್ದಾಗಿ, ಗುರುತಿಲ್ಲದೆ, ಒಂದೇ ಲಾರಿಯಲ್ಲಿ ಹೋದರೆ ಏನಾಗಬಹುದೆಂದು ಬೇರೆ ಹೇಳಬೇಕಾಗಿಲ್ಲ.

4. ಮುಖಂಡನ ಕೆಲಸ

(ಅ) ಚೀಟಿ. ಬಂದ ಪ್ರತಿ ಯಂತ್ರಕ್ಕೂ ಒಂದು ಚೀಟಿ ಕಟ್ಟಬೇಕು. ಯಾವ ತಂಡದ್ದು, ಯಂತ್ರದ ಸಂಖ್ಯೆ, ಏನು ತೊಂದರೆ, ಯಾವಾಗ ತೊಂದರೆ ಕಂಡಿತು. ‘ಓಡುವುದಿಲ್ಲ’ ಎಂದು ಬರೆದ ಚೀಟಿ ಚೀಟಿಯೇ ಅಲ್ಲ. ‘ತಣ್ಣಗಿದ್ದಾಗ ಹಿಡಿಯುತ್ತದೆ, ಬಿಸಿಯಾದ ಮೇಲೆ ಆರುತ್ತದೆ’ ಎಂದು ಬರೆದರೆ ಅರ್ಧ ರಿಪೇರಿ ಆದಂತೆಯೇ. ಹೋಸುಪೈಪುಗಳಿಗೆ ಅಲ್ಲಿಯವರು ಕಾಗದವಿಲ್ಲದ ಚೀಟಿಯನ್ನೇ ಕಂಡುಕೊಂಡಿದ್ದಾರೆ. ಕೆಟ್ಟ ಪೈಪಿನ ತುದಿಗೆ ಒಂದು ಗಂಟು ಹಾಕುತ್ತಾರೆ. ಕತ್ತಲಲ್ಲಿ ಕೈಯಾಡಿಸಿದವನಿಗೂ ಅದು ತಿಳಿಯುತ್ತದೆ. ಕೆಟ್ಟದ್ದು ಒಳ್ಳೆಯದರ ರಾಶಿಗೆ ಸೇರುವುದಿಲ್ಲ.

(ಆ) ವಿಂಗಡಣೆ. ತಂಡಗಳು ಸಂಜೆ ಬೆಂಕಿಯಿಂದ ಮರಳುತ್ತವೆ, ಬೆಳಗಾಗುತ್ತಲೇ ಮತ್ತೆ ಹೊರಡುತ್ತವೆ. ಎಲ್ಲ ಯಂತ್ರಗಳೂ ಒಮ್ಮೆಗೇ ಬರುತ್ತವೆ, ಒಮ್ಮೆಗೇ ಬೇಕಾಗುತ್ತವೆ. ಬಂದ ಸರದಿಯಂತೆ ಕೈಹಾಕಿದರೆ ಮೊದಲಿನ ಒಂದು ಕಷ್ಟದ ಯಂತ್ರದ ಮೇಲೆಯೇ ರಾತ್ರಿ ಕಳೆದುಹೋಗುತ್ತದೆ. ಆದುದರಿಂದ ಮೊದಲು ಮೂರು ಸಾಲು ಮಾಡಬೇಕು: ಹತ್ತು ಹದಿನೈದು ನಿಮಿಷದಲ್ಲಿ ಆಗುವಂಥವು, ಬಿಡಿಭಾಗ ಬೇಕಾದವು, ಇಲ್ಲಿ ಆಗದವು. ಮೊದಲನೆಯ ಸಾಲು ಮುಗಿಸಿದರೆ ಹೆಚ್ಚು ತಂಡಗಳಿಗೆ ಬೆಳಗ್ಗೆ ಯಂತ್ರ ಸಿಗುತ್ತದೆ. ಎರಡನೆಯದಕ್ಕೆ ಉಗ್ರಾಣದಿಂದ ಬದಲಿ ಯಂತ್ರ ಕೊಟ್ಟು, ಕೆಟ್ಟದ್ದನ್ನು ಚೀಟಿ ಸಮೇತ ಇಟ್ಟುಕೊಳ್ಳಬೇಕು. ಕೆಟ್ಟ ಯಂತ್ರದಿಂದ ಬಿಡಿಭಾಗ ಕಳಚಿ ಇನ್ನೊಂದಕ್ಕೆ ಹಾಕಿದರೆ ಅದೂ ಲೆಕ್ಕಕ್ಕೆ ಬರಬೇಕು. ಇಲ್ಲವಾದರೆ ಮುಂದೆ ಆ ಯಂತ್ರವನ್ನು ಬಿಚ್ಚುವವನು ಇಲ್ಲದ ಭಾಗವನ್ನು ಹುಡುಕುತ್ತಾ ಕೂರುತ್ತಾನೆ.

(ಇ) ಮೊದಲ ಪ್ರಶ್ನೆ. ಇದೇ ಈ ಪಾಠದ ತಿರುಳು. ಬಿಗಿದುಕೊಂಡ ಗರಗಸವೊಂದು ಬಂತೆನ್ನಿ. ಮೆಕ್ಯಾನಿಕ್ಕು ಮಫ್ಲರು ಬಿಚ್ಚಿ ಒಳಗೆ ನೋಡುತ್ತಾನೆ. ಪಿಸ್ಟನ್ನಿನ ಮೈಯೆಲ್ಲ ಒಣಗಿ, ಉದ್ದುದ್ದ ಗೀರುಗಳು. ಎಣ್ಣೆಯಿಲ್ಲದ ಪೆಟ್ರೋಲು ಹೊಕ್ಕ ಸಂಶಯಕ್ಕೆ ಅಷ್ಟು ಸಾಕು. ಆಗ ಮುಖಂಡನ ಬಾಯಲ್ಲಿ ಬರುವ ಮೊದಲ ಪ್ರಶ್ನೆ ‘ಯಾರು ಹಾಕಿದ್ದು?’ ಎಂದಾದರೆ, ಯಂತ್ರ ತಂದ ಹುಡುಗ ‘ಗೊತ್ತಿಲ್ಲ, ತಾನಾಗಿ ನಿಂತಿತು’ ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ಮೊದಲ ಪ್ರಶ್ನೆ ‘ಆ ಡಬ್ಬಿ ಈಗ ಎಲ್ಲಿದೆ?’ ಎಂದಿರಬೇಕು. ಏಕೆಂದರೆ ಈ ಗರಗಸ ಹೇಗೂ ಹೋಯಿತು. ಆದರೆ ಅದೇ ಡಬ್ಬಿಯಿಂದ ನಾಳೆ ಬೆಳಗ್ಗೆ ಇನ್ನೂ ನಾಲ್ಕೈದು ಗರಗಸಗಳು ಕುಡಿಯಲಿವೆ, ಅವುಗಳ ಹಿಂದೆ ನೂರು ಜನ ಬೆಂಕಿಯ ಪಕ್ಕದಲ್ಲಿ ನಿಲ್ಲಲಿದ್ದಾರೆ. ಪಿಸ್ಟನ್ನಿನ ಗೀರನ್ನು ಮೆಕ್ಯಾನಿಕ್ಕು ಓದಬಲ್ಲ. ಡಬ್ಬಿ ಯಾವ ಮರದ ಬುಡದಲ್ಲಿದೆ ಎಂಬುದನ್ನು ಆ ಹುಡುಗನೇ ಹೇಳಬೇಕು. ಬೈಗುಳದ ಭಯವಿದ್ದರೆ ಅವನು ಹೇಳುವುದಿಲ್ಲ.

ಸ್ಪಾನರು ಹಿಡಿಯಬಲ್ಲವರು ಬಹುಮಂದಿ ಸಿಗುತ್ತಾರೆ. ನಿಜವಾದ ಚೀಟಿ ಬರೆಯಿಸಿಕೊಳ್ಳಬಲ್ಲವನು ಮುಖಂಡನಾಗಬೇಕು. ಹಾಗೆಂದು ತಪ್ಪನ್ನು ಮುಚ್ಚಿಡುವುದೂ ಅಲ್ಲ. ದಿನದ ಕೆಲಸ ಮುಗಿದ ಮೇಲೆ ಅಲ್ಲಿಯ ತಂಡಗಳು ಒಟ್ಟಿಗೆ ಕುಳಿತು ನಾಲ್ಕು ಪ್ರಶ್ನೆ ಕೇಳಿಕೊಳ್ಳುವ ಪದ್ಧತಿ ಇದೆ. ಏನು ಮಾಡಬೇಕೆಂದಿದ್ದೆವು? ಏನು ನಡೆಯಿತು? ಏಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ಈ ನಾಲ್ಕರಲ್ಲಿ ‘ಯಾರು’ ಎಂಬ ಪ್ರಶ್ನೆ ಇಲ್ಲದಿರುವುದನ್ನು ಸದಸ್ಯರು ಗಮನಿಸಬೇಕು.

(ಈ) ಪರೀಕ್ಷೆ. ಮೇಜಿನ ಮೇಲೆ ಗುರ್ರೆಂದ ಎಂಜಿನ್ನು ಸರಿಯಾಯಿತೆಂದು ಅರ್ಥವಲ್ಲ. ಗರಗಸವಾದರೆ ದಿಮ್ಮಿಯೊಂದನ್ನು ಕಡಿದು ನೋಡಬೇಕು. ಪಂಪಾದರೆ ತೊಟ್ಟಿಯಿಂದ ನೀರೆಳೆದು ನಾಜಲ್ ಹಾಕಿ ಒತ್ತಡದಲ್ಲಿ ಓಡಿಸಬೇಕು. ಬಿಸಿಯಾದ ಮೇಲೆ ಆರಿಸಿ ಮತ್ತೆ ಹಚ್ಚಬೇಕು. ಅನಂತರವೇ ಚೀಟಿಯ ಮೇಲೆ ಪರೀಕ್ಷಿಸಿದವನ ರುಜು. ರುಜುವಿಲ್ಲದ ಯಂತ್ರ ಡೇರೆಯಿಂದ ಹೊರಹೋಗಬಾರದು, ಕೇಳಲು ಬಂದವನು ಎಷ್ಟೇ ದೊಡ್ಡವನಾಗಿರಲಿ.

(ಉ) ವಿಶ್ರಾಂತಿ. ಅಲ್ಲಿ ಎರಡು ಗಂಟೆ ಕೆಲಸಕ್ಕೆ ಒಂದು ಗಂಟೆ ವಿರಾಮ ಎಂಬ ಲೆಕ್ಕವುಂಟು. 16 ಗಂಟೆ ದುಡಿದರೆ 8 ಗಂಟೆ ಬಿಡುವು. ಪ್ರಯಾಣ ಬಿಟ್ಟು 14 ದಿನ ಒಂದು ಬೆಂಕಿಯ ಕೆಲಸದ ಸಾಮಾನ್ಯ ಮಿತಿ. ದುರಸ್ತಿ ತಂಡಕ್ಕೆ ಸಂಜೆಯೂ ಬೆಳಗೂ ಭರಾಟೆ. ಆದುದರಿಂದ ಮುಖಂಡನು ಮೊದಲ ದಿನವೇ ತನ್ನವರನ್ನು ಎರಡು ಪಾಳಿ ಮಾಡಿ, ತಾನೂ ಒಂದು ಪಾಳಿಯಲ್ಲಿ ಮಲಗಬೇಕು. ನಿದ್ದೆಗೆಟ್ಟ ಮೆಕ್ಯಾನಿಕ್ಕು ಬಿಗಿಯದೆ ಬಿಟ್ಟ ಒಂದು ಬೋಲ್ಟು ಬೆಂಕಿಯ ಬಳಿ ಬಿಚ್ಚಿಕೊಳ್ಳುತ್ತದೆ.

5. ಎರಡು ಎಚ್ಚರಿಕೆಗಳು

ಒಂದು, ಪೆಟ್ರೋಲು ಚಿಮ್ಮುವಿಕೆ. ಬಿಸಿಯಾದ ಯಂತ್ರದ ಟ್ಯಾಂಕಿನೊಳಗೆ ಪೆಟ್ರೋಲಿನ ಆವಿ ಒತ್ತಡ ಕಟ್ಟಿಕೊಂಡಿರುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಿದ್ದಾಗ ಮುಚ್ಚಳ ತೆರೆದರೆ ಕಾರಂಜಿಯಂತೆ ಮೈಮೇಲೆ ಚಿಮ್ಮುತ್ತದೆ. ಹತ್ತಿರ ಕಿಡಿಯಿದ್ದರೆ ಮನುಷ್ಯನೇ ಹೊತ್ತಿಕೊಳ್ಳುತ್ತಾನೆ. ಗರಗಸದವರು ಹೀಗೆ ಸುಟ್ಟುಕೊಂಡ ಪ್ರಕರಣಗಳು ಅಲ್ಲಿ ದಾಖಲಾಗಿವೆ. ಬೆಂಕಿಯಿಂದ, ಬಿಸಿಯಿಂದ 20 ಅಡಿಯಾದರೂ ದೂರ ಸರಿದು, ಯಂತ್ರ ತಣಿಯಲು ಬಿಟ್ಟು, ಎಷ್ಟು ಪೆಟ್ರೋಲಿದೆ ಎಂದು ಹೊರಗಿನಿಂದಲೇ ನೋಡಿ, ಮುಚ್ಚಳದ ಮೇಲೆ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ತುಂಬಿಸಿದ ಜಾಗದಲ್ಲೇ ಯಂತ್ರ ಹಚ್ಚಬಾರದು, 10 ಅಡಿ ಆಚೆ ಹೋಗಬೇಕು.

ಎರಡು, ಕಿಡಿತಡೆ ಜಾಲರಿ. ಮಫ್ಲರಿನಲ್ಲಿರುವ ಸಣ್ಣ ತಂತಿಜಾಲರಿಯು ಉರಿಯುವ ಮಸಿಕಣಗಳನ್ನು ತಡೆಯುತ್ತದೆ. ಅಮೆರಿಕದ ನಿಯಮದಂತೆ ಗರಗಸದ ಜಾಲರಿಯ ರಂಧ್ರ 0.023 ಅಂಗುಲ, ಅಂದರೆ ಸುಮಾರು 0.6 ಮಿಲಿಮೀಟರಿಗಿಂತ ದೊಡ್ಡದಿರಕೂಡದು. ಮಸಿ ಕಟ್ಟಿ ಎಂಜಿನ್ನು ಬಸವಳಿದಾಗ ಅದನ್ನು ಕಿತ್ತೆಸೆಯುವವರಿದ್ದಾರೆ. ಉಜ್ಜಿ ತೊಳೆದು ಮತ್ತೆ ಹಾಕಬೇಕೇ ಹೊರತು ಎಸೆಯಬಾರದು. ಬೇಸಗೆಯ ಒಣ ದರಗಿನ ಮೇಲೆ ಜಾಲರಿಯಿಲ್ಲದ ಗರಗಸ ಓಡಿಸುವುದು ಬೆಂಕಿಕಡ್ಡಿ ಗೀರಿ ಎಸೆದಂತೆ.

6. ಚಳಿಗಾಲದ ಕೆಲಸ

ಬೆಂಕಿಯ ಹಂಗಾಮು ಮುಗಿದ ಮೇಲೆ ಯಂತ್ರಗಳು ಬೆಂಕಿ ಉಗ್ರಾಣಗಳಿಗೆ ಮರಳುತ್ತವೆ. ಚಳಿಗಾಲವಿಡೀ ಅವನ್ನು ಬಿಚ್ಚಿ, ತೊಳೆದು, ಸವೆದುದನ್ನು ಬದಲಿಸಿ, ಓಡಿಸಿ ನೋಡಿ, ಸಿದ್ಧವೆಂದು ಗುರುತು ಹಾಕಿ ಕಪಾಟಿಗೆ ಏರಿಸುತ್ತಾರೆ. ಬೀಡಿನಲ್ಲಿ ಬರೆದ ಚೀಟಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಒಂದೇ ದೂರು ಹತ್ತು ಚೀಟಿಗಳಲ್ಲಿ ಕಂಡರೆ ತಪ್ಪು ಯಂತ್ರದ್ದೋ ಬಳಸುವ ರೀತಿಯದೋ ಎಂದು ತಿಳಿಯುತ್ತದೆ. ಬೇಸಗೆಯ ಬೀಡಿನಲ್ಲಿ ನಡೆಯುವುದು ತುರ್ತು ಚಿಕಿತ್ಸೆ. ಆರೋಗ್ಯ ಕಾಪಾಡುವುದು ಚಳಿಗಾಲದಲ್ಲಿ.

7. ನಮ್ಮ ಸಂಘಕ್ಕೆ ಅನ್ವಯ

ಕಾಡ್ಗಿಚ್ಚು ನಮಗೂ ದೂರದ ಮಾತಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸುಮಾರು 11,000 ಎಕರೆ ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. 2023ರ ಫೆಬ್ರುವರಿಯಲ್ಲಿ ಕಾಫಿ ಸೀಮೆಯ ನಡುವೆಯೇ, ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಕಡೆ, ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ಪ್ರಾಣಬಿಟ್ಟರು. ನಮ್ಮ ತೋಟಗಳ ಅಂಚಿನಲ್ಲಿ ಸೊಪ್ಪಿನಬೆಟ್ಟ, ಬಾಣೆ, ಹುಲ್ಲುಗುಡ್ಡಗಳಿವೆ. ಬೆಂಕಿ ಆರಿಸುವ ಮುಂದಾಳುತನ ಅರಣ್ಯ ಇಲಾಖೆ ಮತ್ತು ಅಗ್ನಿಶಾಮಕ ದಳದವರದು. ಹೊಗೆ ಕಂಡೊಡನೆ ವಲಯ ಅರಣ್ಯ ಕಚೇರಿಗೂ 112ಕ್ಕೂ ತಿಳಿಸಬೇಕು. ತರಬೇತಿಯಿಲ್ಲದವರು ತಾವಾಗಿ ಗುಡ್ಡ ಹತ್ತಬಾರದು. ಆದರೆ ಅವರು ಬಂದು ಪಂಪು ಕೇಳಿದಾಗ, ಎಲೆ ಊದುವ ಯಂತ್ರ ಕೇಳಿದಾಗ, ನಾವು ಕೊಡುವುದು ಒಂದೇ ಎಳೆತಕ್ಕೆ ಹಿಡಿಯಬೇಕು. ಅದಕ್ಕಾಗಿ ಈ ಕೆಳಗಿನ ಕ್ರಮಗಳನ್ನು ಸದಸ್ಯರ ಮುಂದಿಡಲಾಗಿದೆ.

ಒಂದನೆಯದು, ವರ್ಷಕ್ಕೆ ಎರಡು ತಪಾಸಣೆ. ಜನವರಿಯಲ್ಲಿ ಪಂಪು ಮತ್ತು ಗರಗಸಗಳು, ಮೇ ತಿಂಗಳಲ್ಲಿ ಸ್ಪ್ರೇಯರುಗಳು. ಬೆಂಕಿ ಬಿದ್ದ ದಿನ ಅಥವಾ ಮಳೆ ಹಿಡಿದ ದಿನ ಯಂತ್ರ ತೆಗೆದು ನೋಡುವುದಲ್ಲ.

ಎರಡನೆಯದು, ಡಬ್ಬಿಗೆ ಗುರುತು. ಬರಿ ಪೆಟ್ರೋಲಿಗೆ ಒಂದು ಬಣ್ಣ, ಬೆರಕೆಗೆ ಇನ್ನೊಂದು. ಬೆರಕೆಯ ಡಬ್ಬಿಯ ಮೇಲೆ ಪಾಲು ಮತ್ತು ಬೆರೆಸಿದ ತಾರೀಕು. ನಮ್ಮ ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರಕೆಯಾಗಿದೆ. ಎಥನಾಲ್ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿ ಸಡಿಲವಾಗಿದ್ದರೆ ನೀರೂ ಎಥನಾಲೂ ಸೇರಿ ತಳಕ್ಕಿಳಿಯಬಹುದು. ಆ ತಳದ ಪದರದಲ್ಲಿ ಎಣ್ಣೆ ಇರುವುದಿಲ್ಲ, ಎಂಜಿನ್ನು ಮೊದಲು ಹೀರುವುದು ಅದನ್ನೇ. ಬೇಕಾದಷ್ಟೇ ಬೆರೆಸಿ, ಬೇಗ ಮುಗಿಸಿ. ತಿಂಗಳುಗಟ್ಟಲೆ ಇಡುವ ಯಂತ್ರದ ಟ್ಯಾಂಕು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿಡಿ.

ಮೂರನೆಯದು, ಚೀಟಿ. ಸಂಘಕ್ಕೆ ದುರಸ್ತಿಗೆ ತರುವ ಯಂತ್ರಕ್ಕೆ ಚೀಟಿ ಕಡ್ಡಾಯ. ಬರೆಯುವವನು ತೋಟದ ಯಜಮಾನನಲ್ಲ, ಯಂತ್ರ ಹೊತ್ತು ಓಡಿಸಿದ ಕೆಲಸಗಾರ. ಬರೆಯಲು ಬಾರದಿದ್ದರೆ ಅವನು ಹೇಳಿದಂತೆ ರೈಟರು ಬರೆಯಲಿ. ತಪ್ಪು ಹೇಳಿದ್ದಕ್ಕೆ ಕೂಲಿ ಹಿಡಿಯುವ ಪದ್ಧತಿ ಇರುವ ತೋಟದಿಂದ ನಿಜವಾದ ಚೀಟಿ ಎಂದೂ ಬರುವುದಿಲ್ಲ. ಯಂತ್ರಕ್ಕೆ ಆದ ಹಾನಿಗಿಂತ ಇದು ದೊಡ್ಡ ನಷ್ಟ.

ನಾಲ್ಕನೆಯದು, ಬದಲಿ ಮತ್ತು ಪರೀಕ್ಷೆ. ಸಂಘದ ಬಳಿ ಕನಿಷ್ಠ ಒಂದು ಪಂಪು, ಒಂದು ಸ್ಪ್ರೇಯರು ಬದಲಿಯಾಗಿ ಸದಾ ಸಿದ್ಧವಿರಬೇಕು. ದುರಸ್ತಿಯಾದ ಯಂತ್ರ ನೀರು ಹಾಕಿ ಓಡಿಸಿ ರುಜು ಮಾಡಿದ ಮೇಲೆಯೇ ಹೊರಹೋಗಬೇಕು.

ಮುಂದಿನ ಸದಸ್ಯರ ಸಭೆಯಲ್ಲಿ ಚರ್ಚೆಗೆ:

1. ನಿಮ್ಮ ಮನೆಯಲ್ಲಿರುವ ಪೆಟ್ರೋಲ್ ಡಬ್ಬಿಗಳಲ್ಲಿ ಯಾವುದು ಬೆರಕೆ, ಯಾವುದು ಬರಿ ಪೆಟ್ರೋಲು ಎಂದು ನೀವಿಲ್ಲದಾಗ ಆಳು ಹೇಗೆ ತಿಳಿಯುತ್ತಾನೆ?

2. ಕಳೆದ ವರ್ಷ ಕೆಟ್ಟ ಯಂತ್ರದ ನಿಜವಾದ ಕಾರಣ ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ, ಹೇಳಬಹುದಾಗಿದ್ದವನು ಏಕೆ ಹೇಳಲಿಲ್ಲ?

3. ಇಂದು ಸಂಜೆ ತೋಟದ ಮೇಲಿನ ಗುಡ್ಡಕ್ಕೆ ಬೆಂಕಿ ಬಿದ್ದರೆ, ನಿಮ್ಮ ಕೊಟ್ಟಿಗೆಯ ಯಾವ ಎಂಜಿನ್ನು ಮೊದಲ ಎಳೆತಕ್ಕೆ ಹಿಡಿಯುತ್ತದೆ? ಸಭೆಗೆ ಬರುವ ಮುನ್ನ ಎಳೆದು ನೋಡಿ ಬನ್ನಿ.